ಫ್ಲೈ ಲೈನ್ ಬಾಳಿಕೆ ಬರಬೇಕೆಂದರೆ

ಮಾಮೂಲಿ ಗಾಳವನ್ನು ದೂರಕ್ಕೆ ಒಯ್ಯುವುದು ಅದಕ್ಕೆ ಕಟ್ಟಿದ ಸೀಸದ ಗುಂಡು. ಫ್ಲೈ ಫಿಶಿಂಗ್‌ನಲ್ಲಿ ಲೆಕ್ಕ ತಿರುಗುಮುರುಗು. ಗರಿ, ನೂಲು ಸುತ್ತಿ ಮಾಡಿದ ಹುಸಿನೊಣಕ್ಕೆ ತೂಕವೇ ಇಲ್ಲ. ಎಸೆಯಲು ಬೇಕಾದ ಭಾರವೆಲ್ಲ ಲೈನಿನಲ್ಲೇ ಇರುತ್ತದೆ. ಟ್ರೌಟ್ ಮೀನಿಗೆ ಸಾಮಾನ್ಯವಾಗಿ ಬಳಸುವ 5ನೇ ನಂಬರಿನ ಲೈನಿನ ಮೊದಲ 30 ಅಡಿ ಸುಮಾರು 9 ಗ್ರಾಂ ತೂಗುತ್ತದೆ. ಕಾಶ್ಮೀರದ ಲಿದ್ದರ್‌ನಲ್ಲಾಗಲಿ, ಹಿಮಾಚಲದ ತೀರ್ಥನ್ ಹೊಳೆಯಲ್ಲಾಗಲಿ, ಲೈನ್ ಕೆಟ್ಟರೆ ಎಷ್ಟು ದುಬಾರಿ ರಾಡ್ ಹಿಡಿದರೂ ಎಸೆತ ಕೂಡಿಬರುವುದಿಲ್ಲ.

ಲೈನಿನ ಒಳಗಿರುವುದು ಹೆಚ್ಚಾಗಿ ಹೆಣೆದ ನೈಲಾನ್ ಎಳೆ. ಅದರ ಮೇಲೆ ಪಿವಿಸಿ ಅಥವಾ ಪಾಲಿಯುರೆಥೇನ್ ಹೊದಿಕೆ. ತೇಲುವ ಲೈನುಗಳ ಹೊದಿಕೆಯಲ್ಲಿ ಸಾಮಾನ್ಯವಾಗಿ ಅತಿ ಸಣ್ಣ ಟೊಳ್ಳು ಗಾಜಿನ ಗುಳ್ಳೆಗಳನ್ನೂ, ಮುಳುಗುವ ಲೈನುಗಳಲ್ಲಿ ಟಂಗ್‌ಸ್ಟನ್ ಪುಡಿಯನ್ನೂ ಬೆರೆಸಿರುತ್ತಾರೆ. ಕಾಪಾಡಬೇಕಾದ್ದು ಮುಖ್ಯವಾಗಿ ಈ ಹೊದಿಕೆಯನ್ನೇ.

ಮೊದಲ ಶತ್ರು ಕೊಳೆ. ಪಾಚಿ, ನುಣ್ಣನೆಯ ಹೂಳು ಅಂಟಿಕೊಂಡರೆ ಹೊದಿಕೆ ನೀರನ್ನು ದೂರ ತಳ್ಳುವುದಿಲ್ಲ. ತೇಲಬೇಕಾದ ಲೈನ್ ಅರೆಮುಳುಗುತ್ತದೆ, ರಾಡಿನ ಉಂಗುರಗಳಲ್ಲಿ ಉಜ್ಜಿಕೊಂಡು ನಿಧಾನವಾಗುತ್ತದೆ. ತೊಳೆಯುವುದು ಸುಲಭ. ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರಿಗೆ ಕೆಲವು ಹನಿ ಸೌಮ್ಯವಾದ ಸೋಪು ಹಾಕಿ, ಲೈನನ್ನು ಸಡಿಲ ಸುರುಳಿಯಾಗಿ ಹತ್ತು ನಿಮಿಷ ನೆನೆಸಿಡಿ. ಆಮೇಲೆ ಒದ್ದೆ ಮೆತ್ತನೆ ಬಟ್ಟೆಯಲ್ಲಿ ಹಿಡಿದು ನಿಧಾನವಾಗಿ ಎಳೆಯಿರಿ. ಮೊದಲ ಸಲ ಬಟ್ಟೆಯ ಮೇಲೆ ಕಂದು ಗೆರೆಯೊಂದು ಮೂಡುತ್ತದೆ. ಆ ಗೆರೆ ಮೂಡದಂತಾಗುವವರೆಗೆ ಮತ್ತೆ ಮತ್ತೆ ಎಳೆದು, ಶುದ್ಧ ನೀರಿನಲ್ಲಿ ಜಾಲಿಸಿ ಒಣಗಿಸಿ. ಕೊನೆಗೆ ಲೈನಿಗೆಂದೇ ಮಾರುವ ಡ್ರೆಸ್ಸಿಂಗನ್ನು ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ. ಕಟುವಾದ ಡಿಟರ್ಜೆಂಟ್, ಸ್ಪಿರಿಟ್ ಬೇಡ.

ಎರಡನೆಯ ಶತ್ರು ನಮ್ಮ ಕೈಗೇ ಅಂಟಿರುತ್ತದೆ. ಸೊಳ್ಳೆ ಓಡಿಸುವ ಮುಲಾಮುಗಳಲ್ಲಿರುವ ಡೀಟ್ ರಾಸಾಯನಿಕ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಸನ್‌ಸ್ಕ್ರೀನ್, ಪೆಟ್ರೋಲ್ ಕೂಡ ಹೊದಿಕೆಯನ್ನು ಕೆಡಿಸುತ್ತವೆ. ಇವನ್ನು ಮುಟ್ಟಿದ ಕೈಯನ್ನು ತೊಳೆದುಕೊಂಡೇ ಲೈನ್ ಹಿಡಿಯಿರಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ರೀಲ್ ಬಿಡಬೇಡಿ. ನೆಲದ ಮೇಲೆ ಬಿದ್ದ ಲೈನನ್ನು ತುಳಿದರೆ, ಬೂಟಿನಡಿಯ ಮರಳು ಅದನ್ನು ಗೀರುತ್ತದೆ.

ಬಹಳ ದಿನ ರೀಲಿನಲ್ಲಿದ್ದ ಲೈನ್ ಸುರುಳಿ ಹಿಡಿದಿರುತ್ತದೆ. ಎಸೆಯುವ ಮುನ್ನ ಎರಡು ಕೈಗಳ ನಡುವೆ ಸ್ವಲ್ಪ ಸ್ವಲ್ಪವೇ ಹದವಾಗಿ ಎಳೆದರೆ ನೆಟ್ಟಗಾಗುತ್ತದೆ. ತಿಂಗಳುಗಟ್ಟಲೆ ಬಳಸದಿದ್ದರೆ ರೀಲಿನಿಂದ ಬಿಚ್ಚಿ ದೊಡ್ಡ ಸಡಿಲ ಸುರುಳಿಗಳಾಗಿ ತಂಪಾದ, ಬಿಸಿಲು ಬೀಳದ ಜಾಗದಲ್ಲಿಡಿ. ಲೈನ್ ತಿರುಚಿಕೊಂಡಿದ್ದರೆ ಹುಸಿನೊಣ ಬಿಚ್ಚಿ ಲೈನನ್ನು ಹರಿವಿಗೆ ಬಿಡಿ; ಹೊಳೆಯೇ ತಿರುಚು ಬಿಡಿಸುತ್ತದೆ.

ವರ್ಷಕ್ಕೊಮ್ಮೆ ಮೊದಲ 30 ಅಡಿಯನ್ನು ಉಗುರಿನ ಮೇಲೆ ಹಾಯಿಸಿ ನೋಡಿ. ಬಿರುಕಿದ್ದಲ್ಲಿ ತರಿ ತಟ್ಟುತ್ತದೆ. ತುದಿ ಮಾತ್ರ ಮುಳುಗುತ್ತಿದ್ದರೆ ಅಲ್ಲಿಂದ ಒಳ ಎಳೆ ನೀರು ಹೀರುತ್ತಿರಬಹುದು. ಒಣಗಿಸಿ, ಬಾಗುವಂಥ ಜಲನಿರೋಧಕ ಅಂಟು ಹಚ್ಚಿದರೆ ಸಾಕು. ಉದ್ದಕ್ಕೂ ಬಿರುಕು ಬಿಟ್ಟಿದ್ದರೆ ಮಾತ್ರ ಹೊಸದು ಕೊಳ್ಳಿ.