ಪಟ್ಟು ಅಪ್ಪನದು, ಪಾಠ ಮಗನದು

ಹೈದರಾಬಾದಿನಲ್ಲಾಗಲಿ ಬೇರೆಲ್ಲೇ ಆಗಲಿ, ಜಪಾನಿನ ಸಮರಕಲೆ ಐಕಿಡೋ ಕಲಿಯಲು ಹೋದವರಿಗೆ ಮೊದಲು ಸಿಗುವುದು ಬೀಳುವ ಅಭ್ಯಾಸ. ಕೈ ತಿರುಚುವ ಉಮೇದಿನಲ್ಲಿ ಬಂದ ಹುಡುಗರಿಗೆ ಇದು ಸಪ್ಪೆ ಅನ್ನಿಸುತ್ತದೆ. ಗದ್ದವನ್ನು ಎದೆಗೊತ್ತಿ, ಒಂದು ಕಾಲು ಮಡಚಿ ಕೂತು, ಬೆನ್ನು ದುಂಡಗೆ ಮಾಡಿಕೊಂಡು ಹಿಂದಕ್ಕೆ ಉರುಳಬೇಕು. ತಲೆ ನೆಲಕ್ಕೆ ತಾಗಕೂಡದು. ಆಮೇಲೆ ಮುಂದಕ್ಕೆ. ಮೊದಲು ಕಿರುಬೆರಳಿನ ಅಂಚು ಊರಬೇಕು, ಅದರ ಹಿಂದೆಯೇ ಮುಂಗೈ, ಮೊಣಕೈ, ಭುಜ. ಅಲ್ಲಿಂದ ಮೈಭಾರ ಬೆನ್ನ ಮೇಲೆ ಓರೆಯಾಗಿ ಹಾದು ಆಚೆ ಬದಿಯ ಸೊಂಟಕ್ಕೆ ಇಳಿಯುತ್ತದೆ. ಇದೇ ಉಕೆಮಿ. ಹೈದರಾಬಾದಿನ ಹಳೆ ಮನೆಗಳ ಶಹಾಬಾದಿ ಕಲ್ಲಿನ ನೆಲದ ಮೇಲೆ ಮಾತ್ರ ಈ ಪ್ರಯೋಗ ಬೇಡ. ಜಮಖಾನೆ ಹಾಸಿದರೂ ಭುಜಕ್ಕೆ ಪೆಟ್ಟು ತಪ್ಪಿದ್ದಲ್ಲ. ಹಳೇ ಪಟ್ಟಣದ ತಾಲೀಮಿನಲ್ಲಿ, ಕಲಬುರಗಿ ಕಡೆಯ ಗರಡಿಯಲ್ಲಿ ಹದಗೊಳಿಸಿದ ಮಣ್ಣು ಮಾಡುವ ಕೆಲಸಕ್ಕೆ ಐಕಿಡೋದಲ್ಲಿ ಮ್ಯಾಟ್ ಬೇಕೇ ಬೇಕು.

ಐಕಿಡೋ ಪಟ್ಟುಗಳ ಮೂಲಪುರುಷ ಮೊರಿಹೆಯಿ ಉಯೆಶಿಬಾ. 1883ರಲ್ಲಿ ಜಪಾನಿನ ತನಾಬೆಯಲ್ಲಿ ಹುಟ್ಟಿದ ಗಿಡ್ಡ ಆಳು. ಹೊಕ್ಕೈಡೋದ ಕಾಡು ಕಡಿದು ನೆಲೆಸಲು ಹೋಗಿದ್ದಾಗ, 1915ರಲ್ಲಿ, ದೈತೊ-ರ್ಯು ಜುಜುತ್ಸುವಿನ ಗುರು ಸೊಕಾಕು ತಕೇಡಾ ಸಿಕ್ಕರು. ಅವರಿಂದ ಕಲಿತದ್ದರ ಜೊತೆಗೆ ಓಮೊಟೊ ಪಂಥದ ಧಾರ್ಮಿಕ ಚಿಂತನೆಯೂ ಬೆರೆಯಿತು. 1931ರಲ್ಲಿ ಟೋಕಿಯೋದಲ್ಲಿ ಕೊಬುಕಾನ್ ಶಾಲೆ ಎದ್ದಿತು. ಐಕಿಡೋ ಎಂಬ ಹೆಸರು ಅಧಿಕೃತವಾದದ್ದು 1942ರಲ್ಲಿ.

ಆದರೆ ಉಯೆಶಿಬಾ ಬಿಡಿಸಿ ಹೇಳುವ ಮೇಷ್ಟರಲ್ಲ. ಶಿಷ್ಯನನ್ನು ಕರೆದು, ಎತ್ತಿ ಹಾಕಿ, ಮುಂದಿನ ಪಟ್ಟಿಗೆ ಹೋಗಿಬಿಡುವರು. ಬಿದ್ದವನು ತಾನೇ ಅರ್ಥ ಮಾಡಿಕೊಳ್ಳಬೇಕು. ಹಗಲಿರುಳು ಅಲ್ಲೇ ಇದ್ದ ಶಿಷ್ಯರಿಗೆ ಸರಿ. ಕೆಲಸ ಮುಗಿಸಿ ಸಂಜೆ ಒಂದು ಗಂಟೆಯ ಮಟ್ಟಿಗೆ ಬರುವವರಿಗೆ?

ಅದಕ್ಕೆ ದಾರಿ ಮಾಡಿದ್ದು ಮಗ ಕಿಶ್ಶೊಮಾರು. ನನ್ನ ಮಟ್ಟಿಗೆ ಈ ಕಥೆಯ ನಿಜವಾದ ಶ್ರಮಜೀವಿ ಅವರೇ. ಯುದ್ಧಕಾಲದಲ್ಲಿ ಅಪ್ಪ ಇವಾಮಾ ಹಳ್ಳಿಗೆ ಹೋದಾಗ ಟೋಕಿಯೋ ಶಾಲೆ ಇವರ ಹೆಗಲಿಗೆ ಬಿತ್ತು. ಬಾಂಬ್ ದಾಳಿಯ ಬೆಂಕಿಯಿಂದ ಕಟ್ಟಡ ಉಳಿಸಿಕೊಂಡರು. ಯುದ್ಧ ಮುಗಿದ ಮೇಲೆ ಮನೆ ಕಳೆದುಕೊಂಡ ಕುಟುಂಬಗಳು ಅದೇ ಕಟ್ಟಡದಲ್ಲಿ ಸಂಸಾರ ಹೂಡಿದ್ದವು. ಹೊಟ್ಟೆಪಾಡಿಗೆ ಇವರು ಷೇರು ಕಂಪನಿಯೊಂದರಲ್ಲಿ ದುಡಿಯುತ್ತ, ಬೆಳಗ್ಗೆ-ಸಂಜೆ ಕಲಿಸಿದರು. 1948ರಲ್ಲಿ ಈ ಶಾಲೆಯನ್ನು ನಡೆಸುವ ಐಕಿಕೈ ಸಂಸ್ಥೆಗೆ ಸರ್ಕಾರದ ಮಾನ್ಯತೆ ದೊರೆಯಿತು. ಕಿಶ್ಶೊಮಾರು ಪಟ್ಟುಗಳನ್ನು ಬಗೆಬಗೆಯಾಗಿ ವಿಂಗಡಿಸಿ, ಹೆಸರು ಗೊತ್ತುಮಾಡಿ, ಯಾವುದರ ಹಿಂದೆ ಯಾವುದು ಎಂಬ ಕ್ರಮ ಹಾಕಿದರು. ಹಿರಿಯ ಶಿಷ್ಯರೂ ಕೈಜೋಡಿಸಿದರು. ಜಪಾನಿನಿಂದ ಸಾವಿರಾರು ಮೈಲಿ ದೂರದ ಊರಿನಲ್ಲೂ ಇಂದು ಇದನ್ನು ಕಲಿಸಲು ಸಾಧ್ಯವಾಗಿರುವುದು ಆ ಕ್ರಮದಿಂದ.

ಐಕಿಕೈನಲ್ಲಿ ಪಂದ್ಯವಿಲ್ಲ. ಇಬ್ಬರೂ ಸರದಿಯಂತೆ ಎತ್ತಿಹಾಕುತ್ತಾರೆ, ಸರದಿಯಂತೆ ಬೀಳುತ್ತಾರೆ. ಗರಡಿಯ ಕುಸ್ತಿ ನೋಡಿ ಬೆಳೆದ ಕಣ್ಣಿಗೆ ಗೆಲುವಿಲ್ಲದ ಈ ವಿದ್ಯೆ ಒಗ್ಗಲು ಸ್ವಲ್ಪ ಸಮಯ ಬೇಕು. ಆದರೆ ಸೋಲುವ ಭಯವಿಲ್ಲದೆ ಕಲಿಯುವುದು ದೊಡ್ಡ ಸೌಲಭ್ಯ. ನಲವತ್ತು ದಾಟಿದವರೂ ಧೈರ್ಯವಾಗಿ ಸೇರಬಹುದು.

30 ದಿನಗಳ ಅಭ್ಯಾಸ ಆದ ಮೇಲೆ ಐಕಿಕೈನ ಮೊದಲ ಪರೀಕ್ಷೆ, ಐದನೇ ಕ್ಯು ಎಂಬ ದರ್ಜೆಯದು. ಅದರಲ್ಲಿ ನಾಲ್ಕೇ ವಿಷಯ. ನೆತ್ತಿಗೆ ಬರುವ ಏಟಿಗೆ ಇಕ್ಕ್ಯೊ ಮತ್ತು ಇರಿಮಿನಗೆ ಎಂಬ ಪಟ್ಟುಗಳು, ಮಣಿಕಟ್ಟು ಹಿಡಿದಾಗ ಶಿಹೊನಗೆ ಎಂಬ ಪಟ್ಟು. ಕೊನೆಯದು ಮಂಡಿಯೂರಿ ಕೂತು ಮಾಡುವ ಕೊಕ್ಯುಹೊ: ಎರಡೂ ಮಣಿಕಟ್ಟನ್ನು ಬಿಗಿಯಾಗಿ ಹಿಡಿದವರನ್ನು, ತೋಳಿನ ಬಲ ತೋರದೆ, ಸೊಂಟದಿಂದ ಮುಂದೆ ಸರಿದು ಪಕ್ಕಕ್ಕೆ ಉರುಳಿಸಬೇಕು.