ಗಡಿಭಾಗದ ಇಂಗ್ಲಿಷ್ ಬೋಧನೆಯಲ್ಲಿ ಹಾಸ್ಯ

ಇಂಗ್ಲಿಷ್ ಬೋಧನೆಯಲ್ಲಿ ಹಾಸ್ಯ ಎಂದರೆ, ಇಂಗ್ಲಿಷನ್ನು ಎರಡನೆಯ ಅಥವಾ ಮೂರನೆಯ ಭಾಷೆಯಾಗಿ ಕಲಿಯುವವರು ಆ ಭಾಷೆಯ ಒಗಟು, ಶ್ಲೇಷೆ, ನಗೆಹನಿ ಹಾಗೂ ವ್ಯಂಗ್ಯಗಳನ್ನು ಅರ್ಥಮಾಡಿಕೊಂಡು ಸವಿಯುವಂತೆ ಕಲಿಸುವ ಕ್ರಮ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ತ್ವವಿದೆ. ಇಲ್ಲಿನ ಅನೇಕ ಮಕ್ಕಳು ಇಂಗ್ಲಿಷಿಗೆ ಬರುವ ಮೊದಲೇ ಕನ್ನಡ ಮತ್ತು ಮರಾಠಿ ಎರಡರಲ್ಲೂ ನಗಲು ಕಲಿತಿರುತ್ತಾರೆ.

ಹಿನ್ನೆಲೆ

ಈ ಐದು ತಾಲ್ಲೂಕುಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿದ್ದು, ಮಹಾರಾಷ್ಟ್ರದ ಕೊಲ್ಹಾಪುರ ಮತ್ತು ಸಾಂಗಲಿ ಜಿಲ್ಲೆಗಳಿಗೆ ಸಮೀಪದಲ್ಲಿವೆ. ಕನ್ನಡ ಮಾಧ್ಯಮದ ಶಾಲೆಗಳೊಂದಿಗೆ ಮರಾಠಿ ಮತ್ತು ಉರ್ದು ಮಾಧ್ಯಮದ ಶಾಲೆಗಳೂ ಇಲ್ಲಿವೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಪರಿಚಯಿಸಲಾಗುತ್ತಿದೆ.

ನಗೆಯ ರಚನೆ

ಭಾಷಾಶಾಸ್ತ್ರಜ್ಞ ವಿಕ್ಟರ್ ರಾಸ್ಕಿನ್ 1985ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಕಾರ, ನಗೆಹನಿಯೊಂದರ ಪಠ್ಯವು ಪರಸ್ಪರ ವಿರುದ್ಧವಾದ ಎರಡು ಅರ್ಥಚೌಕಟ್ಟುಗಳಿಗೆ ಒಮ್ಮೆಗೇ ಹೊಂದಿಕೊಳ್ಳುತ್ತದೆ. ಕೇಳುಗನಿಗೆ ಎರಡೂ ಚೌಕಟ್ಟುಗಳು ಗೊತ್ತಿರಬೇಕು. ಒಂದು ಮಾತ್ರ ಗೊತ್ತಿದ್ದರೆ ವಾಕ್ಯ ಅರ್ಥವಾಗುತ್ತದೆ, ಆದರೆ ನಗು ಬರುವುದಿಲ್ಲ. ನಿಘಂಟಿನ ಸಹಾಯದಿಂದ ಪ್ರತಿ ಪದವನ್ನೂ ಬಿಡಿಸಿಕೊಂಡ ವಿದ್ಯಾರ್ಥಿಯೂ ಕೊನೆಗೆ ಸುಮ್ಮನೆ ಕುಳಿತಿರುವುದು ಇದೇ ಕಾರಣದಿಂದ.

ಮೂರು ಭಾಷೆಗಳ ಒಗಟು

ಇಂಗ್ಲಿಷಿನಲ್ಲಿ ಮಕ್ಕಳಿಗೆ ಕೇಳುವ ಒಂದು ಹಳೆಯ ಒಗಟು ಹೀಗಿದೆ: ಕೈಗಳಿದ್ದರೂ ಚಪ್ಪಾಳೆ ತಟ್ಟಲಾರದ ವಸ್ತು ಯಾವುದು? ಉತ್ತರ, ಗಡಿಯಾರ. ಕನ್ನಡದಲ್ಲಿ ಗಡಿಯಾರಕ್ಕೆ ಕೈಗಳಿಲ್ಲ, ಮುಳ್ಳುಗಳಿವೆ. ಮರಾಠಿಯಲ್ಲಿಯೂ ಅದು ‘ಕಾಟಾ’, ಅಂದರೆ ಮುಳ್ಳೇ. ಹೀಗಾಗಿ ನಿಪ್ಪಾಣಿಯ ಮಗುವಿಗೆ ಈ ಒಗಟು ಯಾವ ಮನೆಮಾತಿನ ಮೂಲಕವೂ ತಲುಪುವುದಿಲ್ಲ. ಆದರೆ ಅದೇ ಮಗು ‘ಮುಳ್ಳಿದ್ದರೂ ಚುಚ್ಚದು’ ಎಂಬ ಹೊಸ ಒಗಟನ್ನು ಎರಡೂ ಭಾಷೆಗಳಲ್ಲಿ ಕಟ್ಟಬಲ್ಲದು.

ಸೂಜಿಯ ಉದಾಹರಣೆ ಇನ್ನೂ ಸ್ವಾರಸ್ಯಕರ. ಕಣ್ಣಿದ್ದರೂ ಕಾಣದ ವಸ್ತು ಎಂಬ ಇಂಗ್ಲಿಷ್ ಒಗಟು ಕನ್ನಡಕ್ಕೆ ಹಾಗೆಯೇ ಹೊಂದುತ್ತದೆ, ಏಕೆಂದರೆ ‘ಸೂಜಿಗಣ್ಣು’ ಎಂಬ ಮಾತು ನಮ್ಮಲ್ಲಿದೆ. ಮರಾಠಿಯಲ್ಲಿ ಸೂಜಿಯ ರಂಧ್ರಕ್ಕೆ ‘ನಾಕ್’, ಅಂದರೆ ಮೂಗು ಎನ್ನುವ ರೂಢಿಯುಂಟು. ಅಲ್ಲಿ ಒಗಟು ‘ಮೂಗಿದ್ದರೂ ಮೂಸದು’ ಎಂದು ಬದಲಾಗಬೇಕು. ಬಾಚಣಿಗೆಗೆ ಮಾತ್ರ ಮೂರೂ ಭಾಷೆಗಳಲ್ಲಿ ಹಲ್ಲುಗಳಿವೆ, ಮೂರರಲ್ಲಿಯೂ ಅದು ಕಚ್ಚುವುದಿಲ್ಲ. ಬಾಚಣಿಗೆಯಿಂದ ಆರಂಭಿಸಿ, ಸೂಜಿಯ ಮೂಲಕ ಗಡಿಯಾರಕ್ಕೆ ಸಾಗುವ ಪಾಠವು ಸುಲಭದಿಂದ ಕಠಿಣಕ್ಕೆ ತಾನಾಗಿಯೇ ನಡೆಯುತ್ತದೆ. ಒಗಟಿನ ಆಟವೂ ಇಲ್ಲಿ ಹೊಸದಲ್ಲ: ಉತ್ತರ ಕರ್ನಾಟಕದ ‘ಒಡಪು’ ಮತ್ತು ಮರಾಠಿಯ ‘ಉಖಾಣಾ’ ಎಂಬ ಪದಗಳೆರಡೂ ಒಗಟನ್ನು ಸೂಚಿಸುತ್ತವೆ, ಗಂಡನ ಹೆಸರನ್ನು ಅಡಗಿಸಿ ಹೇಳುವ ಪದ್ಯವನ್ನೂ ಸೂಚಿಸುತ್ತವೆ.

ಸನ್ನಿವೇಶದ ತೊಡಕು

ಪದಗಳಿಗಿಂತ ಬದುಕಿನ ರೀತಿ ಹೆಚ್ಚು ತೊಡಕನ್ನು ಒಡ್ಡುತ್ತದೆ. ಜಡಿಮಳೆಯಲ್ಲಿ ನೆನೆದ ಇಂಗ್ಲಿಷನೊಬ್ಬ ‘ಲವ್ಲಿ ವೆದರ್’ ಎಂದರೆ ಅದು ವ್ಯಂಗ್ಯ. ಮಳೆಗಾಗಿ ಮುಗಿಲು ನೋಡುವ ಅಥಣಿಯ ಒಣಭೂಮಿಯ ರೈತನ ಮಗುವಿಗೆ ಅದು ನಿಜವಾದ ಹೊಗಳಿಕೆಯಾಗಿಯೇ ಕೇಳುತ್ತದೆ. 2019ರ ಕೃಷ್ಣಾ ಪ್ರವಾಹವನ್ನು ಕಂಡ ನದಿತೀರದ ಮಗುವಿಗೆ ಮಳೆಯ ವಿನೋದ ಹಿಡಿಸದೆಯೂ ಇರಬಹುದು. ಬಾಗಿಲು ತಟ್ಟುವ ‘ನಾಕ್ ನಾಕ್’ ಮಾದರಿಯ ನಗೆಹನಿಗಳು ಮುಚ್ಚಿದ ಬಾಗಿಲನ್ನು ಊಹಿಸಿಕೊಳ್ಳುತ್ತವೆ. ಹಗಲೆಲ್ಲ ಬಾಗಿಲು ತೆರೆದಿರುವ ಹಳ್ಳಿಯಲ್ಲಿ ಬಂದವರು ಹೊಸ್ತಿಲಾಚೆ ನಿಂತು ‘ಯಾರ ಅದೀರಿ ಮನ್ಯಾಗ?’ ಎಂದು ಕೂಗುತ್ತಾರೆ; ಅಂದರೆ ಪ್ರಶ್ನೆ ಕೇಳುವವನು ಒಳಗಿನವನಲ್ಲ, ಹೊರಗಿನವನು. ಇಂತಹ ಕಡೆ ನಗೆಹನಿಗಿಂತ ಮೊದಲು ಸನ್ನಿವೇಶವನ್ನು ಅಭಿನಯಿಸಿ ತೋರಿಸುವುದು ಉಚಿತ. ನಗೆಹನಿ ಮುಗಿದ ಮೇಲೆ ಕೊಡುವ ವಿವರಣೆ ಸಾಮಾನ್ಯವಾಗಿ ನಗೆಯನ್ನು ಕೊಲ್ಲುತ್ತದೆ.

ಯಾರನ್ನು ಕುರಿತ ನಗೆ

ಭರತನ ನಾಟ್ಯಶಾಸ್ತ್ರವು ಹಾಸ್ಯವನ್ನು ಆತ್ಮಸ್ಥ ಮತ್ತು ಪರಸ್ಥ ಎಂದು ವಿಂಗಡಿಸುತ್ತದೆ: ತಾನು ನಗುವುದು ಒಂದು, ಪರರನ್ನು ನಗಿಸುವುದು ಇನ್ನೊಂದು. ತರಗತಿಯಲ್ಲಿ ಮೂರನೆಯದೂ ಇದೆ, ಒಬ್ಬನನ್ನು ಕಂಡು ಉಳಿದವರು ನಗುವುದು. ‘ಇಸ್ಕೂಲ್’ ಎಂದು ಉಚ್ಚರಿಸಿ ನಗೆಪಾಟಲಾದ ಮಗು ಮರುದಿನ ಬಾಯಿಬಿಡಲು ಹಿಂಜರಿಯುತ್ತದೆ. ಭಾಷೆಯೇ ವಿವಾದದ ವಸ್ತುವಾಗಿರುವ ಗಡಿಯಲ್ಲಿ ಈ ಅಪಾಯ ಇಮ್ಮಡಿಯಾಗುತ್ತದೆ. ಕನ್ನಡಿಗನ ಮರಾಠಿಯನ್ನೂ ಮರಾಠಿಗನ ಕನ್ನಡವನ್ನೂ ಅಣಕಿಸುವುದು ಇಲ್ಲಿ ಸುಲಭವಾಗಿ ಸಿಗುವ ವಿನೋದ.

ಮರಾಠಿಯಲ್ಲಿ ಕುರ್ಚಿ ಸ್ತ್ರೀಲಿಂಗ, ‘ಪಂಖಾ’ ಪುಲ್ಲಿಂಗ. ಕನ್ನಡದಲ್ಲಿ ಎರಡೂ ‘ಅದು’, ಇಂಗ್ಲಿಷಿನಲ್ಲಿ ಎರಡೂ ‘ಇಟ್’. ಮರಾಠಿಯ ಲಿಂಗ ತಪ್ಪಿ ನಗೆಗೀಡಾಗುವ ಕನ್ನಡದ ಹುಡುಗನೇ ಇಂಗ್ಲಿಷ್ ಪಾಠದಲ್ಲಿ ಮುಂದಿರುತ್ತಾನೆ. ಈ ತಿರುವನ್ನು ಶಿಕ್ಷಕರು ತೋರಿಸಿಕೊಟ್ಟರೆ ನಗು ಹುಡುಗನನ್ನು ಬಿಟ್ಟು ವ್ಯಾಕರಣದ ಕಡೆಗೆ ಹೊರಳುತ್ತದೆ.

ಸಾಹಿತ್ಯದಲ್ಲಿ ಇದಕ್ಕೆ ಒಳ್ಳೆಯ ಮಾದರಿ ಇದೆ. ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಕೆಲಕಾಲ ಅಧ್ಯಾಪಕರಾಗಿದ್ದ ಮರಾಠಿ ಹಾಸ್ಯಲೇಖಕ ಪು. ಲ. ದೇಶಪಾಂಡೆ (1919–2000) ಅವರ ‘ಗಣಗೋತ’ ಕೃತಿಯಲ್ಲಿನ ‘ರಾವಸಾಹೇಬ’ ಎಂಬ ವ್ಯಕ್ತಿಚಿತ್ರದ ನಾಯಕ ಬೆಳಗಾವಿಯವರು. ಕನ್ನಡದ ಧಾಟಿಯ ಅವರ ಮರಾಠಿ ಓದುಗರನ್ನು ನಗಿಸುತ್ತದೆ, ಆದರೆ ಲೇಖಕರ ಪ್ರೀತಿ ಆ ಮಾತಿನ ಮೇಲೆಯೇ ನಿಂತಿದೆ. ಕನ್ನಡದಲ್ಲಿ ಟಿ. ಪಿ. ಕೈಲಾಸಂ ಇಂಗ್ಲಿಷ್ ಬೆರೆತ ಕನ್ನಡದಿಂದಲೇ ನಾಟಕದ ನಗೆಯನ್ನು ಹುಟ್ಟಿಸಿದರು. ರಾಯಸಂ ಭೀಮಸೇನರಾವ್ (1913–1980) ಅವರ ಕಾವ್ಯನಾಮ ‘ಬೀಚಿ’ಯ ಮೊದಲ ಅಕ್ಷರ ಕನ್ನಡ ಲಿಪಿಯಲ್ಲಿ, ಉಳಿದದ್ದು ಇಂಗ್ಲಿಷ್ ಲಿಪಿಯಲ್ಲಿ ಇರುತ್ತಿತ್ತು. ಎರಡು ಲಿಪಿಗಳನ್ನು ಈಗಷ್ಟೇ ಕಲಿತ ಮಗುವೂ ಓದಿ ನಗಬಲ್ಲ ಹೆಸರು ಅದು.

ಮೌಲ್ಯಮಾಪನ

ನಗೆಗೆ ಅಂಕ ಕೊಡಲಾಗದು. ಕೇಳಿದ ಒಗಟನ್ನು ವಿದ್ಯಾರ್ಥಿ ಮನೆಯಲ್ಲಿ ಅಜ್ಜಿಗೆ ಕನ್ನಡದಲ್ಲಿಯೋ ಮರಾಠಿಯಲ್ಲಿಯೋ ಹೇಳಿ, ಅದು ಎಲ್ಲಿ ಕೆಟ್ಟಿತು ಎಂಬುದನ್ನು ಮರುದಿನ ತರಗತಿಯಲ್ಲಿ ಇಂಗ್ಲಿಷಿನ ಒಂದೆರಡು ವಾಕ್ಯಗಳಲ್ಲಿ ತಿಳಿಸುವಂತೆ ಮಾಡಿದರೆ, ಅರ್ಥವಾಗಿದೆಯೋ ಇಲ್ಲವೋ ಎಂಬುದು ಶಿಕ್ಷಕರಿಗೆ ಅಲ್ಲಿಯೇ ತಿಳಿಯುತ್ತದೆ.