ಬೀಗದ ಕೈ ಹುಡುಕುವ ಮುನ್ನ

ಹನೂರಿನ ಸಂತೆಯಲ್ಲಿ ಗಟ್ಟಿಮುಟ್ಟಾದ ಆಳೊಬ್ಬ ದಿಢೀರನೆ ಬಿದ್ದು ಕೈಕಾಲು ಒದರತೊಡಗಿದ ಅನ್ನಿ. 'ಯಾರಾದ್ರೂ ಬೀಗದ ಕೈ ಕೊಡ್ರಪ್ಪ' ಎಂಬ ಕೂಗು ಮೊದಲು ಏಳುತ್ತದೆ. ಒಂದೆರಡು ನಿಮಿಷದಲ್ಲಿ ಒದ್ದಾಟ ತಾನಾಗಿಯೇ ನಿಲ್ಲುತ್ತದೆ. ಹೆಸರು ಬರುವುದು ಕಬ್ಬಿಣಕ್ಕೆ. ಆತ ಮಣ್ಣು ಕೊಡವಿ, ಟೀ ಕುಡಿದು ಮನೆ ಸೇರುತ್ತಾನೆ.

ಹಾಗೆ ಮನೆ ಸೇರಿಬಿಡುವುದೇ ನನ್ನ ಚಿಂತೆ. ದೊಡ್ಡವರಿಗೆ ಮೊದಲ ಸಲ ಫಿಟ್ಸ್ ಬಂದರೆ ಮಿದುಳಿನ ಸ್ಕ್ಯಾನ್ ಆಗಲೇಬೇಕು. ಒಳಗೆ ಗೆಡ್ಡೆ ಇರಬಹುದು. ಕ್ಷಯದ ಗಂಟೋ ಲಾಡಿಹುಳುವಿನ ಮರಿಕೋಶವೋ ಇದ್ದರೂ ಹೀಗೇ ಆಗುತ್ತದೆ. ಅವು ಬಹುಪಾಲು ಮಾತ್ರೆಗೆ ಬಗ್ಗುತ್ತವೆ.

ಗೆಡ್ಡೆ ಎಲ್ಲರನ್ನೂ ಕೆಡವಿಯೇ ಸುಳಿವು ಕೊಡುವುದಿಲ್ಲ. ಕೊಳ್ಳೇಗಾಲದ ಮಗ್ಗದ ಮುಂದೆ ಕೂತವರ ಬೆರಳಿಂದ ರೇಷ್ಮೆ ಎಳೆ ಪದೇ ಪದೇ ಜಾರಬಹುದು. ಅದು ವಯಸ್ಸಿನ ಲೆಕ್ಕಕ್ಕೆ ಹೋಗುತ್ತದೆ. ಬೆಳಗಿನ ಜಾವದ ತಲೆನೋವು, ವಾಂತಿ ವಾರದಿಂದ ವಾರಕ್ಕೆ ಜೋರಾದರೂ 'ಪಿತ್ತ' ಅನ್ನುತ್ತೇವೆ. ಮಿದುಳಿನ ಮುಂಭಾಗದಲ್ಲಿ ಬೆಳೆದರಂತೂ ಸ್ವಭಾವವೇ ತಿರುಗುತ್ತದೆ. ಸಾಧು ಮನುಷ್ಯ ಹೆಂಡತಿಮಕ್ಕಳ ಮೇಲೆ ರೇಗುತ್ತಾನೆ, ಅಂಗಡಿಯ ಲೆಕ್ಕ ತಪ್ಪುತ್ತಾನೆ, ಇಲ್ಲವೇ ಜಗಲಿ ಹಿಡಿದು ಕೂತುಬಿಡುತ್ತಾನೆ. ಕುಡಿತ ಶುರುವಾಗಿದೆ ಅನ್ನುವವರು ಕೆಲವರು, ಗಾಳಿ ಸೋಕಿದೆ ಅನ್ನುವವರು ಹಲವರು. ಮಾದಪ್ಪನಿಗೂ ಬಿಳಿಗಿರಿರಂಗನಿಗೂ ಹರಕೆ ಹೊರಲಿ, ನನ್ನದೇನೂ ತಕರಾರಿಲ್ಲ. ಅದೇ ವಾರ ಆಸ್ಪತ್ರೆಯ ಚೀಟಿಯನ್ನೂ ಮಾಡಿಸಲಿ.

ಹೇಳುವಷ್ಟು ಸುಲಭವಲ್ಲ, ಗೊತ್ತು. ಮಲೆ ಮಹದೇಶ್ವರ ಬೆಟ್ಟದ ಸುತ್ತಲ ಕಾಡೂರುಗಳಿಂದ ರೋಗಿಗಳನ್ನು ಡೋಲಿಯಲ್ಲಿ ಹೊತ್ತು ತಂದ ಸುದ್ದಿಗಳನ್ನು ಓದಿದವರು ನಾವು. ಯಳಂದೂರಿನವರಿಗೆ ಚಾಮರಾಜನಗರದ ವೈದ್ಯಕೀಯ ಕಾಲೇಜು ಹತ್ತಿರ. ಮುಂದಿನ ದಾರಿ ಮೈಸೂರು, ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಪಡಿತರ ಚೀಟಿ, ಆಧಾರ್ ಕೈಲಿರಲಿ.

ಗೆಡ್ಡೆ ಎಂದೊಡನೆ ಆಸೆ ಬಿಡುವುದೂ ತಪ್ಪು. ಗ್ಲಿಯೋಬ್ಲಾಸ್ಟೋಮಾ ಕ್ರೂರಿ, ನಿಜ. ಆದರೆ ಮಿದುಳಿನ ಹೊದಿಕೆಯಲ್ಲಿ ಹುಟ್ಟುವ ಮೆನಿಂಜಿಯೋಮಾ ಹೆಚ್ಚಾಗಿ ಕ್ಯಾನ್ಸರ್ ಅಲ್ಲ; ಪೂರ್ತಿ ತೆಗೆಯಲು ಸಾಧ್ಯವಾದರೆ ಅನೇಕರು ಮತ್ತೆ ದುಡಿಮೆಗೆ ಮರಳುತ್ತಾರೆ. ಜೂನ್ 8ನ್ನು ವಿಶ್ವ ಮಿದುಳು ಗೆಡ್ಡೆ ದಿನವೆಂದು 2000ದಿಂದ ಆಚರಿಸುತ್ತಿರುವುದು ಇಷ್ಟನ್ನು ಜನರ ಕಿವಿಗೆ ಹಾಕಲೆಂದೇ.

ಸಂತೆಯಲ್ಲಿ ಬಿದ್ದವನ ಬಳಿಗೆ ಮತ್ತೆ ಬರೋಣ. ಸುತ್ತಲ ಕಲ್ಲು ಸರಿಸಿ, ಮಗ್ಗುಲಿಗೆ ಹೊರಳಿಸಿ. ಬಾಯಿಗೆ ನೀರು, ಚಮಚ ಏನೂ ಬೇಡ. 5 ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ಎಳೆತ ಮೊದಲು ಯಾವ ಕೈಯಲ್ಲಿ ಕಾಣಿಸಿತು, ಎಷ್ಟು ಹೊತ್ತು ಇತ್ತು ನೋಡಿಕೊಳ್ಳಿ. ಅವನಿಗೆ ಅದು ನೆನಪಿರುವುದಿಲ್ಲ. ಡಾಕ್ಟರು ಕೇಳುವ ಮೊದಲ ಪ್ರಶ್ನೆ ಮಾತ್ರ ಅದೇ.